ಬಾಟಲಿಯೊಳಗಿನ ಮೊಟ್ಟೆಗಳು

ದಾವಣಗೆರೆಯ ನಮ್ಮ ಓಣಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಸಾಹೇಬರೊಬ್ಬರಿದ್ದರು. ಉಳಿದ ಗಾಜಿನಲ್ಲಿ ತಾವೇ ತೊಟ್ಟಿ ಮಾಡಿ, ಹರಿಹರದ ಕಡೆಯ ಕೆರೆಯಿಂದ ತಂದ ಜಿಲೇಬಿ ಮೀನು ಸಾಕಿದ್ದರು. ಏನು ಕೇಳಿದರೂ ಮೊದಲು ಕನ್ನಡಕ ಒರೆಸಿಕೊಂಡು, "ನೋಡಾಣ ತಡೀರಿ" ಅನ್ನುತ್ತಿದ್ದರು.

ಆ ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ; ಬೆದರಿದರೆ ಮರಿಗಳು ಮತ್ತೆ ತಾಯಿಯ ಬಾಯೊಳಗೇ ನುಗ್ಗಿ ಅಡಗುತ್ತವೆ. ಒಂದು ಬೆಳಿಗ್ಗೆ ತಾಯಿ ಮೀನು ತೊಟ್ಟಿಯಿಂದ ಹಾರಿ ನೆಲದ ಮೇಲೆ ಸತ್ತು ಬಿದ್ದಿತ್ತು. ಸಾಹೇಬರು ಇನ್ನೂ ಒದ್ದೆಯಾಗಿದ್ದ ಅದರ ಬಾಯಿ ಬಿಡಿಸಿ, ಮೊಟ್ಟೆಗಳನ್ನು ನೀರಿನ ಬಾಟಲಿಗೆ ಹಾಕಿದರು.

"ಇನ್ನೆಲ್ಲಿ ಬದುಕ್ತಾವ್ರಿ, ಬಿಡ್ರಿ" ಅಂದೆ.

"ತಾಯಿ ಬಾಯಾಗೆ ಉರುಳ್ತಾ ಇರ್ತಿದ್ವು. ಸುಮ್ನೆ ಬಿಟ್ರೆ ಕೊಳಿತಾವೆ. ನಾವೇ ಉರುಳಿಸಾಣ, ನೋಡಾಣ ತಡೀರಿ."

ನಾಲ್ಕು ದಿನ ಆ ಬಾಟಲಿ ಅವರ ಕೈಯಲ್ಲಿ ಮೆಲ್ಲಗೆ ವಾಲಾಡಿತು. ಅವರು ನಮಾಜಿಗೆ ಹೋದಾಗ ಹೆಂಡತಿ ಹಿಡಿಯುತ್ತಿದ್ದರು. ಮಿಲ್ಲಿನ ಕೆಲಸ ಮುಗಿಸಿ ಬಂದು ನಾನೂ ಹಿಡಿದೆ. ಬಹಳಷ್ಟು ಮೊಟ್ಟೆ ಬೆಳ್ಳಗಾಗಿ ಕೆಟ್ಟವು. ಅವನ್ನು ಆರಿಸಿ ತೆಗೆದು, ನೀರು ಬದಲಿಸಿ, ಮತ್ತೆ ವಾಲಾಡಿಸಿದರು. ಕೊನೆಗೆ ಹನ್ನೊಂದು ಮರಿಗಳಾದವು.

ಅವು ಈಜಲು ಕಲಿತ ಮೇಲೆ ತೊಟ್ಟಿಗೆ ಬಿಟ್ಟರು. ಒಂದು ದಿನ ಸಾಹೇಬರು ಕಸ ತೆಗೆಯಲು ತೊಟ್ಟಿಯಲ್ಲಿ ಕೈ ಇಳಿಸಿದ್ದರು. ಗಿರಾಕಿಯೊಬ್ಬರು ಬಾಗಿಲು ಬಡಿದರು. ಬೆದರಿದ ಮರಿಗಳೆಲ್ಲ ಅರ್ಧ ಮಡಚಿದ್ದ ಅವರ ಅಂಗೈಯೊಳಗೆ ನುಗ್ಗಿ ಅಡಗಿದವು. ಸಾಹೇಬರು ಕೈ ಅಲುಗಿಸಲಿಲ್ಲ.

"ಕೂಡ್ರಿ," ಅಂದರು ಗಿರಾಕಿಗೆ, "ಇವು ಹೊರಗೆ ಬರ್ಲಿ."