ನಾಲ್ಕನೆಯವಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮರ್ಯಾದೆಗೆ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದೆ. ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆ ಶನಿವಾರ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ನಾನು ಈ ಪರದೇಶದಲ್ಲಿ, ಲೋವರ್ ಹಟ್ ಎಂಬ ಊರಿನ ಒಂದು ಪ್ರಯೋಗಾಲಯದಲ್ಲಿ ಮಣ್ಣಿನ ಪರೀಕ್ಷೆ ಮಾಡುತ್ತೇನೆ. ನನ್ನ ಫ್ಲಾಟ್‌ಮೇಟ್ ಶಾಹೀನ್ ವಿಜಯಪುರದವಳು, ನರ್ಸ್. ಅವಳ ವಾರ್ಡಿನ ಹಿರಿಯ ನರ್ಸ್ ಮೈಸೂರಿನ ಸವಿತಾ ಆಂಟಿ. ಕೆಲವು ವರ್ಷಗಳ ಹಿಂದೆ, ಬೇಸಿಗೆ ಮುಗಿಯುವ ಹೊತ್ತಿಗೆ, ನಾವು ಮೂವರೂ ಪುಟಂಗಿರುವಾ ಕಣಿವೆಯಲ್ಲಿ ನಡೆದು ಬರಲು ಹೋದೆವು. ಮಳೆ ಕೊರೆದು ನಿಲ್ಲಿಸಿದ ಜಲ್ಲಿಮಣ್ಣಿನ ಎತ್ತರದ ಕಂಬಗಳು, ಅವುಗಳ ನಡುವೆ ಒಣಗಿದ ಹೊಳೆಯ ಪಾತ್ರ. ಅದೇ ದಾರಿ.

ಕಾರು ನಿಲ್ಲಿಸಿದ ಕಡೆ ಆಂಟಿ ಬಗ್ಗಿ ಒಂದು ಬೂದು ಕಲ್ಲನ್ನು ಆರಿಸಿ ಚೀಲಕ್ಕೆ ಹಾಕಿಕೊಂಡರು. ಮೂವರು ಹೊರಟರೆ ಕೆಲಸ ಕೆಡುತ್ತದೆ, ಕಲ್ಲನ್ನು ಸೇರಿಸಿಕೊಂಡರೆ ನಾಲ್ವರಾಗುತ್ತೇವೆ ಎನ್ನುವುದು ಅವರ ಮನೆಯ ರೂಢಿ. ನನ್ನ ಅಜ್ಜಿಯೂ ಹಾಗೆ ಮಾಡುತ್ತಿದ್ದರು. ನಾನು ಅದನ್ನು ಹೇಳಲು ಹೋಗಲಿಲ್ಲ.

“ಆಂಟಿ, ಆಕಿಗೂ ಚಪಾತಿ ಕಟ್ಕೊಂಡ್ ಬಂದೀರೇನ್ರೀ?” ಎಂದಳು ಶಾಹೀನ್.

“ನಿನ್ನ ಪಾಲಿನಲ್ಲೇ ಕೊಡ್ತೀನಿ, ಬಾರೇ.”

ಕಣಿವೆ ಕವಲೊಡೆಯುವಲ್ಲಿ ಚೀಲ ಭಾರವೆನಿಸಿ ಆಂಟಿ ಕಲ್ಲನ್ನು ತೆಗೆದು ಒಂದು ಬಂಡೆಯ ಮೇಲಿಟ್ಟರು. “ನೀನು ಇಲ್ಲೇ ಕೂತಿರಮ್ಮ, ಬರ್ತಾ ಕರ್ಕೊಂಡು ಹೋಗ್ತೀವಿ” ಎಂದರು. ನಾವು ನಕ್ಕೆವು. ಎಲ್ಲರೂ ಹೋಗುವ ಅಗಲವಾದ ಕವಲನ್ನು ಬಿಟ್ಟು, ನೆರಳಿದೆಯೆಂದು ಇಕ್ಕಟ್ಟಾದ ಇನ್ನೊಂದಕ್ಕೆ ತಿರುಗಿದೆವು.

ಒಳಗೆ ಸಾಕಷ್ಟು ದೂರ ಹೋದ ಮೇಲೆ ಜಲ್ಲಿ ಜಾರಿ ಆಂಟಿ ಬಿದ್ದರು. ಶಾಹೀನ್ ಕಾಲು ಮುಟ್ಟಿ ನೋಡಿ, ಮೂಳೆ ಮುರಿದಿರಬಹುದು, ಊರಲೇಬಾರದು ಎಂದಳು. ಫೋನಿಗೆ ಸಿಗ್ನಲ್ ಇರಲಿಲ್ಲ. ಸಮುದ್ರದ ಕಡೆಯಿಂದ ಮೋಡ ಕವಿಯುತ್ತಿತ್ತು. ಮಳೆ ಬಂದರೆ ಆ ಪಾತ್ರದಲ್ಲಿ ನೀರು ಏರುತ್ತದೆ, ಕಂಬಗಳಿಂದ ಕಲ್ಲು ಉದುರುತ್ತದೆ. ನಾವಿಬ್ಬರೂ ಎತ್ತಲು ನೋಡಿದೆವು. ನಾಲ್ಕು ಹೆಜ್ಜೆಗೇ ಆಂಟಿಯ ಮುಖ ಬಿಳಿಚಿಕೊಂಡಿತು. ನಾನೊಬ್ಬಳೇ ಹೋಗಿ ಯಾರನ್ನಾದರೂ ಕರೆತರುತ್ತೇನೆಂದು ಎದ್ದು ನಿಂತೆ. ಅಷ್ಟರಲ್ಲಿ ಕೆಳಗಡೆ ಜಲ್ಲಿಯ ಮೇಲೆ ಹೆಜ್ಜೆ ಸದ್ದಾಯಿತು.

ಬಂದವರು ಈ ದೇಶದವರೇ, ಅರವತ್ತು ದಾಟಿದ ಗಟ್ಟಿ ಆಳುಗಳು, ಗಂಡ ಹೆಂಡತಿ. ಏನಾಯಿತೆಂದು ಕೇಳಲೂ ಇಲ್ಲ. ಆತ ನೇರವಾಗಿ ಆಂಟಿಯ ಕಾಲಿನ ಬಳಿ ಕೂತು, ತನ್ನ ಊರುಗೋಲುಗಳನ್ನೇ ಮಡಚಿ, ಕಾಲು ಅಲುಗದಂತೆ ಆಧಾರವಾಗಿ ಕಟ್ಟಲು ಕೊಟ್ಟ. ಆಮೇಲೆ ಕೈಗಳನ್ನು ಹೆಣೆದು ಕುರ್ಚಿ ಮಾಡಿ, ಸರದಿಯಂತೆ ಆಂಟಿಯನ್ನು ಹೊತ್ತು ತಂದೆವು.

ಕವಲಿಗೆ ಬಂದಾಗ ಆ ಹೆಂಗಸು ನಿಂತು ಸುತ್ತ ನೋಡಿ, ನಿಮ್ಮ ಜೊತೆಯಾಕೆ ಎಲ್ಲಿ ಎಂದು ಕೇಳಿದರು. ನಾವು ಬಂದದ್ದು ಮೂವರೇ ಎಂದೆ.

“ಈ ಬಂಡೆಯ ಮೇಲೆ ಕೂತಿದ್ದಳಲ್ಲ? ಒಳಗೆ ಮೂವರಿದ್ದಾರೆ, ಒಬ್ಬರ ಕಾಲಿಗೆ ಪೆಟ್ಟಾಗಿದೆ ಎಂದು ಹೇಳಿದ್ದು ಅವಳೇ.”

ಬಂಡೆಯ ಮೇಲೆ ಕಲ್ಲಿತ್ತು. ಆಂಟಿ ಕಣ್ಣು ಮುಚ್ಚಿಕೊಂಡರು. ನಾನು ಕಲ್ಲನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಕಾರಿನ ಬಳಿ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಹಿಂದೆ ಹೊಳೆಯ ಸದ್ದು ಏರುತ್ತಿತ್ತು. ಅಲ್ಲಿ ನಮ್ಮ ಕಾರು, ಅವರ ಪಿಕಪ್ ಗಾಡಿ ಬಿಟ್ಟರೆ ಬೇರೆ ಗಾಡಿಯಿರಲಿಲ್ಲ. ಯಾರೋ ದಾರಿಹೋಕಳು ನಮ್ಮನ್ನು ಮೇಲಿನಿಂದ ನೋಡಿ, ಇಳಿದು ಬಂದು ಹೇಳಿ, ಕಾಲ್ನಡಿಗೆಯಲ್ಲೇ ಎತ್ತಲೋ ಹೋಗಿರಬಹುದು. ಈ ಮಾತನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಇಕ್ಕಟ್ಟಿನ ಮೇಲಿನ ದಂಡೆಯಲ್ಲಿ ಒಬ್ಬರು ನಿಲ್ಲುವಷ್ಟೂ ನೆಲ ಗಟ್ಟಿಯಿಲ್ಲ. ಮಣ್ಣು ನೋಡುವುದು ನನ್ನ ಕೆಲಸ.

ಶಾಹೀನ್ ಆಂಟಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸುತ್ತಿದ್ದಾಗ ನಾನು ಕಲ್ಲನ್ನು ಅವರು ಎತ್ತಿಕೊಂಡ ಜಾಗದಲ್ಲೇ ಇಟ್ಟೆ. ಏಳುವಾಗ, “ಬರ್ತೀವಿ” ಅಂದೆ.

ಕಾರಿಗೆ ಬಂದು ಕೂತಾಗ ಆಂಟಿ ಕಣ್ಣು ತೆರೆಯದೆ ಕೇಳಿದರು: “ಹೇಳಿ ಬಂದ್ಯಾ?”

ಹೂಂ ಎಂದೆ. ಯಾರಿಗೆ ಹೇಳಿದೆನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.