ಸೆರಗೊಡ್ಡಿ ತಂದ ಕೌದಿ

ಕೌದಿ ಒಣಹಾಕಿದ ಗೋಡೆ ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಯಾರ ಮನೆಯದಾದರೂ ಸರಿ, ಹತ್ತಿರ ಹೋಗಿ ಅಂಚು ಹಿಡಿದು, ಹೊಲಿಗೆ ಎಷ್ಟು ಒತ್ತಾಗಿದೆ, ಮೂಲೆಗೆ ಯಾವ ಬಟ್ಟೆ ಹಚ್ಚಿದ್ದಾರೆ ಎಂದು ನೋಡದಿದ್ದರೆ ಸಮಾಧಾನವಿಲ್ಲ. "ಅಕ್ಕಾ, ವರನ ಕಡಿಯವರು ಹೆಣ್ಣು ನೋಡಿದಂಗ ನೋಡ್ತಿ ನೀ" ಎಂದು ತಂಗಿ ಕಾಡಿಸುತ್ತಾಳೆ. ಕಾಡಿಸಲಿ. ಹರಿದ ಸೀರೆ, ಹಳೆ ಧೋತರ, ಖಣದ ತುಂಡು ಸೇರಿಸಿ ಇಷ್ಟು ಚೆಂದದ ಹಾಸಿಗೆ ಮಾಡಿದ ಹೆಂಗಸರಿಗೆ ಕೈ ಮುಗಿಯಬೇಕೆನಿಸುತ್ತದೆ ನನಗೆ.

ಆದರೆ ಆ ಸಲ ನಾನು ಕೌದಿ ಹುಡುಕಿ ಹೊರಟದ್ದು ಬರೀ ಹುಚ್ಚಿಗಲ್ಲ. ಮಗಳಿಗೆ ದಿನ ತುಂಬುತ್ತಿದ್ದವು. ಅವಳ ಮೊದಲ ಕೂಸು ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಅದಕ್ಕೆಂದು ನಮ್ಮ ಮನೆಯ ಕೌದಿಯನ್ನು ಒಗೆದು, ಬಿಸಿಲಿಗೆ ಹಾಕಿ, ತೊಟ್ಟಿಲಲ್ಲಿ ಹಾಸಿಟ್ಟಿದ್ದೆವು. ಆಮೇಲೆ ಅದನ್ನು ತೆಗೆದು ಟ್ರಂಕಿನ ತಳಕ್ಕೆ ಸೇರಿಸಿದವಳು ನಾನೇ. ಮಗಳು ಆ ಟ್ರಂಕಿನ ಕಡೆ ನೋಡುವುದನ್ನೂ ಬಿಟ್ಟಳು.

ಈ ಸಲ ನಮ್ಮವ್ವ ಹಟ ಹಿಡಿದಳು. "ಹೊಸ ಬಟ್ಟಿ ಮ್ಯಾಲ ಕೂಸಿಗಿ ಹಾಕಬಾರ್ದು. ನಮ್ಮ ಮನೀದೂ ಬ್ಯಾಡ. ಮಕ್ಕಳು ಮಲಗಿ ಬೆಳದ ಕೌದಿ ಮಂದಿ ಮನಿಯಿಂದ ತಾ. ಸೆರಗೊಡ್ಡಿ ಬೇಡಿ ತರಬೇಕು, ರೊಕ್ಕಾ ಕೊಟ್ಟು ತಂದಿದ್ದು ನಡ್ಯಾಂಗಿಲ್ಲ" ಎಂದಳು. ಬೇಡಿ ತಂದ ಬಟ್ಟೆಯ ಮೇಲೆ ಮಲಗಿದ ಕೂಸು ಉಳಿಯುತ್ತದೆ ಎಂಬುದು ಅವಳ ಕಾಲದ ನಂಬಿಕೆ.

ಬೇಡುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗಂಡ ತೀರಿಕೊಂಡ ಮೇಲೆ ಕಚೇರಿಯಲ್ಲಿ ದುಡಿದು ಮಗಳನ್ನು ಓದಿಸಿದವಳು ನಾನು. ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದವಳಲ್ಲ. "ಇದೆಲ್ಲಾ ಹುಚ್ಚತನ ಅವ್ವಾ" ಎಂದು ಜೋರು ಮಾಡಿ ಮಗಳತ್ತ ತಿರುಗಿದೆ. ಅವಳು ಕಾಲೇಜಿನಲ್ಲಿ ವಿಜ್ಞಾನ ಕಲಿಸುವವಳು, ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಅಜ್ಜಿ ಹೇಳಿದಂಗೇ ತಾ ಅವ್ವಾ" ಎಂದಳು.

ಆದರೂ ನಾನು ನನ್ನದೇ ದಾರಿ ಹುಡುಕಿದೆ. ಕೌದಿ ಹಳೆಯದಿದ್ದರೆ ಸಾಕಲ್ಲ, ಕೊಂಡರೇನು ಬೇಡಿದರೇನು? ಪರ್ಸು ಹಿಡಿದು ತಂಗಿಯ ಕಾರು ಹತ್ತಿದೆ.

ಮೊದಲು ಬೀದರಿನ ಹಳೆ ಊರಿನ ಓಣಿಯಲ್ಲೇ ಒಂದು ಹಳೆ ಸಾಮಾನಿನ ಅಂಗಡಿಗೆ ಹೋದೆವು. ಬಿದರಿ ಹೂಜಿ, ಪಾನದಾನ, ನಿಂತುಹೋದ ಗಡಿಯಾರಗಳ ನಡುವಿನಿಂದ ಅಂಗಡಿಯವನು ಕಂದು ಬಣ್ಣಕ್ಕೆ ತಿರುಗಿದ ಕೌದಿಯೊಂದನ್ನು ಎಳೆದ. "ನಿಜಾಮರ ಜಮಾನಾದ್ದು ಅದರಿ ಅಮ್ಮಾ. ಹೈದರಾಬಾದಿನವರು ಒಯ್ದು ಗ್ವಾಡಿಗಿ ತೂಗಹಾಕ್ತಾರ" ಎಂದ. ಬಿಡಿಸಿದರೆ ನಟ್ಟನಡುವೆ ಮಿರಿಮಿರಿ ಮಿಂಚುವ ನೈಲಾನ್ ತುಂಡು! ತಂಗಿ ಮೂಗು ಹಚ್ಚಿ, "ಅಕ್ಕಾ, ಚಹಾದ ವಾಸನಿ ಬರ್ಲಕತ್ತದ" ಎಂದಳು. ಹಳೆಯದಾಗಿ ಕಾಣಲೆಂದು ಚಹಾದ ನೀರಿನಲ್ಲಿ ಅದ್ದಿದ್ದರು.

"ಯಾಕರಿ, ನಿಜಾಮರ ಬೇಗಮ್ಮರು ನೈಲಾನ್ ಉಡ್ತಿದ್ರೇನ್ರಿ?" ಎಂದು ಕೇಳಿದೆ.

ಅವನಿಗೆ ನಾಚಿಕೆಯೂ ಇಲ್ಲ, ಏನೂ ಇಲ್ಲ. "ಸಿಟ್ಟಾಗಬ್ಯಾಡ್ರಿ ಅಮ್ಮಾ, ಕೂಡ್ರಿ, ಚಹಾ ತರಸ್ತೇನಿ" ಎಂದ.

"ಕೌದಿಗಿ ಕುಡಿಸಿದ್ದೇ ಸಾಕು" ಎಂದು ಎದ್ದು ಬಂದೆ. ಕಾರಿನಲ್ಲಿ ತಂಗಿ ನಕ್ಕೂ ನಕ್ಕೂ ಗಾಡಿ ಚಾಲೂ ಮಾಡುವುದನ್ನೇ ಮರೆತಳು.

ಭಾಲ್ಕಿಯಲ್ಲಿ ವಾಡೆಗಳ ಹಳೆ ಬಾಗಿಲು, ಕಂಬ, ಕಪಾಟು ಮಾರುವವನೊಬ್ಬನಿದ್ದ. ಅವನ ಪೆಟ್ಟಿಗೆಯೊಂದರಲ್ಲಿ ಇದ್ದ ಕೌದಿಯನ್ನು ನಾನೇ ತೆಗೆದು ಬಿಡಿಸಿದೆ. ಇಳಕಲ್ ಸೀರೆಯ ಕೆಂಪು ಸೆರಗು, ಹಸಿರು ಖಣ, ಯಾವನೋ ಹುಡುಗನ ಖಾಕಿ ಚಡ್ಡಿಯ ತುಂಡು, ಎಲ್ಲಾ ಜೋಡಿಸಿದ್ದರು. ಹೊಲಿಗೆ ಅಂಚಿನಿಂದ ಶುರುವಾಗಿ ಚೌಕದೊಳಗೆ ಚೌಕವಾಗಿ ಸುತ್ತುತ್ತ ನಡುವಿಗೆ ಬಂದು ಮುಗಿದಿತ್ತು. ಎಲ್ಲಿಯೂ ದಾರ ಜಗ್ಗಿಲ್ಲ, ಬಟ್ಟೆ ಸುಕ್ಕಾಗಿಲ್ಲ. ಎಂಥ ಕೈ ಅದು! ನಾನು ಬೆಲೆಯನ್ನೂ ಕೇಳದೆ ಪರ್ಸು ತೆಗೆದೆ.

"ಯಾರಿಗ್ರಿ ಅಕ್ಕೋರೆ?" ಎಂದ ಅವನು.

"ಮಗಳ ಕೂಸಿಗಿ. ಇನ್ನಾ ಹುಟ್ಟಬೇಕು."

ಅವನು ಕೌದಿಯನ್ನು ಮಡಚಿ ವಾಪಸ್ ಪೆಟ್ಟಿಗೆಯಲ್ಲಿಟ್ಟ. "ಕೂಸಿಗಾದ್ರ ಇದು ಬ್ಯಾಡರಿ. ಒಬ್ಬ ಮುದುಕ ಇದ್ರ ಮ್ಯಾಲೇ ಜೀವಾ ಬಿಟ್ಟಾನ. ಗೊತ್ತಿದ್ದೂ ಹ್ಯಾಂಗ ಕೊಡ್ಲಿ?"

ಸುಮ್ಮನೆ ಮಾರಿದ್ದರೆ ನನಗೆ ಎಲ್ಲಿಂದ ತಿಳಿಯುತ್ತಿತ್ತು? ಆ ಮನುಷ್ಯನ ಮೇಲೆ ನನಗೆ ಬಂದ ಗೌರವ ಇಂದಿಗೂ ಹಾಗೇ ಇದೆ. ದಾರಿಯನ್ನೂ ಅವನೇ ತೋರಿಸಿದ. ಔರಾದ್ ಕಡೆಯ ಚಿಂತಾಕಿಯಿಂದ ಕುರಿ ಸಾಕುವ ಮನೆಯ ಹೆಣ್ಣುಮಗಳೊಬ್ಬಳು ಪೆಟ್ಟಿಗೆ ಕೊಳ್ಳಲು ಬಂದಿದ್ದಳಂತೆ. ಅವಳ ಮೊಮ್ಮಗನಿಗೆ ಸುತ್ತಿದ್ದ ಕೌದಿಯಂಥದ್ದನ್ನು ತಾನು ಕಂಡೇ ಇಲ್ಲ ಎಂದ. "ಮಾರ್ತೀಯೇನವ್ವಾ ಅಂತ ಕೇಳಿದೆ. ಹೊಡ್ಯಾಕೇ ಬಂದ್ಳರಿ!"

ಔರಾದ್ ಮುಟ್ಟಿ, ಒಂದು ಹೋಟೆಲಿನಲ್ಲಿ ಮಂಡಕ್ಕಿ ಸೂಸಲಾ ತಿಂದು, ದಾರಿ ಕೇಳುತ್ತ ಚಿಂತಾಕಿಗೆ ಹೋದೆವು. ರಸ್ತೆಯ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿತ್ತು. ಕುರಿ ಹಟ್ಟಿಯ ಮುಂದೆ ಹೊರಸಿನ ಮೇಲೆ ಒಂದು ಕೂಸು ಮಲಗಿತ್ತು, ಅದರ ಕೆಳಗೆ ಆ ಕೌದಿ. ಒಗೆದು ಒಗೆದು ಬಣ್ಣಗಳೆಲ್ಲ ಒಂದಕ್ಕೊಂದು ಹೊಂದಿಕೊಂಡು, ಮುಟ್ಟಿದರೆ ಬೆಣ್ಣೆಯಷ್ಟು ಮೆತ್ತಗಿತ್ತು. ನನ್ನ ವಯಸ್ಸಿನ ಆ ಹೆಣ್ಣುಮಗಳು ಹೆಮ್ಮೆಯಿಂದ, "ನಮ್ಮತ್ತಿ ಹೊಲದಿದ್ದರಿ. ನಮ್ಮ ಮನಿ ಕೂಸುಗೋಳೆಲ್ಲಾ ಇದ್ರ ಮ್ಯಾಲೇ ಬೆಳದಾವ" ಎಂದಳು.

"ಏನು ತೊಗೋತೀರಿ ಇದಕ್ಕ?" ಎಂದುಬಿಟ್ಟೆ.

ಅವಳ ಮುಖ ಗಂಟಾಯಿತು. "ಮಾರ್ಲಿಕ್ಕಿ ಇದೇನು ಕುರಿ ಏನ್ರಿ?" ಎಂದು ಒಳಗೆ ಹೋಗಿ ನೀರು ತಂದುಕೊಟ್ಟಳು. ನೀರು ಕುಡಿದು ಹೋಗಿರಿ ಎಂಬಂತೆ ನಿಂತಳು.

ಕಾರಿನ ತನಕ ಬಂದೆ. ತಂಗಿ ಆಗಲೇ ಬಾಗಿಲು ತೆಗೆದಿದ್ದಳು. ನನಗೆ ಮಗಳ ಮುಖ ಕಣ್ಣ ಮುಂದೆ ಬಂತು. ತಿರುಗಿ ಹೋದೆ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತೆ, ಮಾತೇ ಹೊರಡಲಿಲ್ಲ. ಕಚೇರಿಯಲ್ಲಿ ಸಾಹೇಬರನ್ನೇ ಗದರಿಸಿದ ಬಾಯಿ ಅದು. ಅವಳು ಅವಸರ ಮಾಡಲಿಲ್ಲ, ಸುಮ್ಮನೆ ಕಾದಳು.

"ನನ್ನ ಮಗಳ ಮೊದಲಿನ ಕೂಸು ಉಳೀಲಿಲ್ಲ ತಾಯಿ. ಇದು ಉಳೀಬೇಕು. ನಿಮ್ಮ ಕೌದಿ ನನ್ನ ಉಡಿಗಿ ಹಾಕ್ರಿ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟಿದ್ದೆ.

ಅವಳು ಮಲಗಿದ್ದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು, ಕೌದಿ ಮಡಚಿ ನನ್ನ ಸೆರಗಿಗೆ ಹಾಕಿದಳು. ಅದು ಇನ್ನೂ ಬೆಚ್ಚಗಿತ್ತು. "ಇದ್ನೇ ಮೊದಲೇ ಕೇಳಿದ್ರ ಕೊಡ್ತಿದ್ದಿಲ್ಲೇನ್ರಿ? ಖರೇ, ಮುಂದ ಯಾರರ ಬಂದು ನಿಮಗ ಹಿಂಗ ಬೇಡಿದ್ರ ಇಲ್ಲ ಅನಬ್ಯಾಡ್ರಿ" ಎಂದಳು. ಆಗ ಅವಳು ಏನು ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆ. ಬೀದರಿನ ನಮ್ಮ ಮನೆಯ ಗುರುತನ್ನೂ ಹೇಳಿ ಬಂದೆ.

ಹೆಣ್ಣು ಕೂಸು ಹುಟ್ಟಿತು. ಆ ಕೌದಿಯ ಮೇಲೆ ಮಲಗಿತು, ಉಚ್ಚೆ ಹೊಯ್ದಿತು, ಹಲ್ಲು ಬರುವಾಗ ಅದರ ಮೂಲೆ ಕಡಿಯಿತು. ಈಗ ಮೊಮ್ಮಗಳಿಗೆ ಅದನ್ನು ಎರಡು ಕುರ್ಚಿಗಳ ಮೇಲೆ ಹಾಕಿ ಮನೆ ಮಾಡಿ ಆಡುವ ವಯಸ್ಸು. ಕೌದಿ ಒಗೆಯಲು ಬಂದಾಗ ನಾನು ಯಾರ ಕೈಗೂ ಕೊಡುವುದಿಲ್ಲ. ನಾನು ಕಂಡ ಕೌದಿಗಳಲ್ಲೆಲ್ಲ ಅದೇ ಚೆಂದ, ಮತ್ತು ಅದು ನನ್ನದು ಎಂದು ಯಾವಾಗಲೋ ನಂಬಿಬಿಟ್ಟಿದ್ದೆ.

ಮೊನ್ನೆ ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಚಿಂತಾಕಿಯವರು ನಿಮ್ಮ ಮನೆ ಗುರುತು ಹೇಳಿದರು ಎಂದಳು. ಒಳಗೆ ಹೋಗಿ ನೀರು ತಂದುಕೊಟ್ಟೆ. ಅವಳು ನೀರು ಕುಡಿದಳು. ಬಸ್ಸಿನ ಗದ್ದಲ ಹೇಳಿದಳು, ಗಾಂಧಿ ಗಂಜ್ ಮಾರುಕಟ್ಟೆಯ ತೊಗರಿ ಧಾರಣೆ ಹೇಳಿದಳು, ಬಂದ ಕೆಲಸ ಮಾತ್ರ ಹೇಳಲಿಲ್ಲ. ಬೆರಳುಗಳು ಸೆರಗಿನ ತುದಿಯನ್ನು ಸುತ್ತುತ್ತಲೇ ಇದ್ದವು. ಆಚೆ ಕೋಣೆಯಲ್ಲಿ ಮೊಮ್ಮಗಳು ಕೌದಿಯ ಮನೆಯೊಳಗಿಂದ ನನ್ನನ್ನು ಕರೆಯುತ್ತಿದ್ದಳು. ಅದೊಂದನ್ನು ಬಿಟ್ಟು ಮನೆಯಲ್ಲಿರುವ ಯಾವ ಕೌದಿಯನ್ನಾದರೂ ಕೊಟ್ಟು ಕಳಿಸೋಣ ಎಂದು ಒಂದು ಗಳಿಗೆ ನನಗೆ ಅನಿಸಿದ್ದು ಸುಳ್ಳಲ್ಲ.

ಆಮೇಲೆ ಮತ್ತೆ ಆ ಬೆರಳುಗಳನ್ನು ನೋಡಿದೆ.

"ಕೇಳ್ರಿ ಅಕ್ಕಾ" ಎಂದೆ. "ಬಾಯಿ ಬಿಟ್ಟು ಕೇಳ್ರಿ. ನಾ ಕೊಡ್ತೇನಿ."

ಅವಳು ಎರಡೂ ಕೈಯಲ್ಲಿ ಸೆರಗು ಹಿಡಿದು ಎದ್ದು ನಿಂತಳು.