ಸಾವುಕಾರರ ಕಾರು, ನನ್ನ ಬೆರಳು

ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷ ಕಳೆದಿದ್ದವು. ಬಳ್ಳಾರಿ ಇನ್ನೂ ಮದ್ರಾಸಿಗೇ ಸೇರಿತ್ತು. ನನಗೆ ಮದುವೆಯಾಗಿ ಅದು ಎರಡನೆಯ ಬೇಸಿಗೆ. ಸತ್ಯನಾರಾಯಣಪೇಟೆಯಲ್ಲಿ ಒಬ್ಬ ಹತ್ತಿ ಸಾವುಕಾರರ ಕಾರ್ ಶೆಡ್ಡಿನ ಹಿಂದಿದ್ದ ಕೋಣೆಯಲ್ಲಿ ನಾವು ಗಂಡ ಹೆಂಡತಿ ಇದ್ದೆವು. ನನ್ನ ಗಂಡ ಹುಲುಗಪ್ಪ ಆ ಕಾರಿನ ಡ್ರೈವರ್. ಕೆಲಸ ಇದ್ದರೆ ಕೋಣೆ, ಕೆಲಸ ಹೋದರೆ ಕೋಣೆಯೂ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ನಾನು ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವಳು. ಅಂದವಾಗಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಾರು ಯುದ್ಧಕ್ಕೂ ಮೊದಲಿನದು. ಪೆಟ್ರೋಲು ಕುಡಿಯುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಮೈಗಳ್ಳ. ಜನ ತುಂಬಿ ಕೂತರೆ ಏರಿನಲ್ಲಿ ಇಳಿದು ತಳ್ಳಬೇಕಿತ್ತು. ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಒಬ್ಬ ಮೆಕ್ಯಾನಿಕ್ ಇದಕ್ಕೊಂದು ಉಪಾಯ ಹೇಳಿಕೊಟ್ಟಿದ್ದ. ಎಂಜಿನ್ನಿನ ಪಕ್ಕಕ್ಕೆ ಒಂದು ಕಬ್ಬಿಣದ ಕೊಳವೆ ಇರುತ್ತದೆ, ಬೆರಳು ಚಾಚಿದ ಕೈಯ ಹಾಗೆ ಕವಲೊಡೆದದ್ದು. ಅದಕ್ಕೆ ಮ್ಯಾನಿಫೋಲ್ಡ್ ಅನ್ನುತ್ತಾರೆ. ಪೆಟ್ರೋಲು ಬೆರೆತ ಗಾಳಿ ಎಂಜಿನ್ನಿನ ಒಳಗೆ ಹೋಗುವುದು ಅದರ ಮೂಲಕ. ಎರಕ ಹೊಯ್ದಾಗ ಅದರ ಒಳಮೈ ಉಸುಕಿನಂತೆ ತರಿತರಿಯಾಗಿಯೇ ಉಳಿದಿರುತ್ತದೆ. ಅದನ್ನು ಉಜ್ಜಿ ನುಣುಪು ಮಾಡಿ, ಕೊಳವೆಯ ಬಾಯಿಯೂ ಎಂಜಿನ್ನಿನ ಬಾಯಿಯೂ ಸರಿಯಾಗಿ ಕೂಡುವಂತೆ ಅರದಿಂದ ತೀಡಿದರೆ ಗಾಳಿ ಸರಾಗವಾಗಿ ಹೋಗುತ್ತದೆ, ಕಾರು ಎಳೆಯುತ್ತದೆ.

ನನ್ನ ಗಂಡ ಸಾವುಕಾರರ ಬೆನ್ನು ಹತ್ತಿ ಒಪ್ಪಿಸಿದರು. ಸಾವುಕಾರರು ಹೇಳಿದ್ದು ನನಗಿನ್ನೂ ನೆನಪಿದೆ.

“ಬಿಚ್ಚಲೇ ಹುಲುಗ, ಬ್ಯಾಡ ಅನ್ನಂಗಿಲ್ಲ. ಆದ್ರ ಬರೋ ಸೋಮವಾರ ಸಿರುಗುಪ್ಪಕ್ಕ ನನ್ನ ಮಗಗ ಹೆಣ್ಣು ನೋಡಾಕ ಹೋಗಬೇಕು. ಕಾರು ಕೈ ಕೊಡ್ತು ಅಂದ್ರ ಕಾರಿನ ಕೀಲಿ, ಖೋಲಿ ಕೀಲಿ ಎರಡೂ ಕಟ್ಟಿ ಮ್ಯಾಲೆ ಇಟ್ಟು ನಡಿ.”

ಮ್ಯಾನಿಫೋಲ್ಡ್ ನಮ್ಮ ಕೋಣೆಗೆ ಬಂತು. ಒಲೆಯ ಪಕ್ಕದಲ್ಲೇ ಗೋಣಿಚೀಲ ಹಾಸಿ ಕೆಲಸ ಶುರುಮಾಡಿದರು. ಬಾಯಿಗಳ ಅಂಚು ಎಲ್ಲೆಲ್ಲಿ ಹೊಂದುವುದಿಲ್ಲ ಎಂದು ನೋಡಲು ನನ್ನ ಡಬ್ಬಿಯ ಕಾಡಿಗೆಯನ್ನೇ ತೆಗೆದು ಬಳಿದರು. ಮೇಲಿನ ಅಂಚನ್ನು ತೀಡುವವರೆಗೆ ಎಲ್ಲ ಸರಿ ಇತ್ತು. ಒಳಗಿನ ತಿರುವಿಗೆ ಅವರ ಬೆರಳೇ ಹೋಗಲಿಲ್ಲ. ಸ್ಟೇರಿಂಗ್ ಹಿಡಿದು ದಪ್ಪಗಾದ ಬೆರಳು.

“ಸರೀರಿ ಆಕಡಿ,” ಎಂದೆ. “ನನ್ನ ಬಳ್ಳು ಹೋಗ್ತಾವು.”

ಹಸಿ ಜೋಳದ ದಂಟಿಗೆ ಉಸುಕಿನ ಕಾಗದ ಸುತ್ತಿದೆ. ದಂಟು ಬಾಗುತ್ತದೆ, ತಿರುವಿನಲ್ಲೂ ಆಡುತ್ತದೆ. ದಂಟು ಮುಟ್ಟದ ಕಡೆ ಕಾಗದವನ್ನು ಬೆರಳಿಗೇ ಸುತ್ತಿಕೊಂಡು ಉಜ್ಜಿದೆ. ಉಗುರಿನ ಸಂದಿಯಲ್ಲಿ ರಕ್ತ ಬಂತು. ಊಟಕ್ಕೆ ಕೂತರೆ ಖಾರ ಹತ್ತಿ ಕೈ ಉರಿಯುತ್ತಿತ್ತು. ನನ್ನ ಗಂಡ ಇನ್ನೂ ತೀಡು, ಇನ್ನೂ ತೀಡು ಅನ್ನುತ್ತಿದ್ದರು. ನಾನು ಮಡಕೆ ಕೊಳ್ಳುವಾಗ ಬಡಿದು ನೋಡುವ ಹಾಗೆ ಕೊಳವೆಯನ್ನು ಬೆರಳಿನಿಂದ ಬಡಿದು ನೋಡಿದೆ. ಒಂದು ಕಡೆ ಸಪ್ಪಳ ತೆಳುವಾಗಿತ್ತು.

“ಇಲ್ಲಿ ಸಾಕು. ಇನ್ನೊಂದೀಟು ತೀಡಿದ್ರ ತೂತು ಬೀಳತೈತಿ,” ಎಂದೆ. ಅವರೂ ಬಡಿದು ನೋಡಿ ಉಸುಕಿನ ಕಾಗದ ಎತ್ತಿಟ್ಟರು.

ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಕಬ್ಬಿಣದ ಪುಡಿ ಒಂದೂ ಉಳಿಯದಂತೆ ಒರೆಸಿ, ಹರಕು ಸೀರೆಯ ಬಟ್ಟೆಯಿಂದ ಎಲ್ಲ ಬಾಯಿಗಳನ್ನೂ ಬಿಗಿಯಾಗಿ ಮುಚ್ಚಿದೆ. ಒಳಗೆ ಬೆರಳು ಆಡಿಸಿದರೆ ಎಣ್ಣೆ ಹಚ್ಚಿದ ರೊಟ್ಟಿಯ ಕಲ್ಲಿನ ಹಾಗಿತ್ತು.

ಸೋಮವಾರ ಬೆಳಗ್ಗೆ ಕೂರಿಸಬೇಕು ಅನ್ನುವಷ್ಟರಲ್ಲಿ ಸಾವುಕಾರರು ಹೆಂಡತಿಯ ಜೊತೆ ಪೂಜೆಯ ತಟ್ಟೆ ಹಿಡಿದು ಬಂದರು. ಹಣೆ ತುಂಬ ವಿಭೂತಿ. ಮ್ಯಾನಿಫೋಲ್ಡನ್ನು ಮಣೆಯ ಮೇಲೆ ಇಡಿಸಿದರು. ಬಾಯಿಗೆ ಬಟ್ಟೆ ತುರುಕಿದ್ದು ಅವರ ಕಣ್ಣಿಗೆ ಬಿತ್ತು.

“ಏನಲೇ ಇದು? ಬಾಯಾಗ ಬಟ್ಟಿ ತುರುಕಿ ಪೂಜಿ ಮಾಡ್ತಾರೇನು? ತಗಿ.”

“ಒಳಗ ಏನರ ಬಿದ್ದೀತ್ರಿ ಧಣಿ,” ಎಂದೆ ನಾನು.

“ನಿನ್ನ ಕೇಳಿದೆನೇನು? ಹೆಣ್ಮಗಳು ಮುಟ್ಟಿದ್ದೇ ದೊಡ್ಡದಾತು. ದೂರ ನಿಂದ್ರು.”

ನನ್ನ ಗಂಡ ಬಟ್ಟೆ ಕಿತ್ತರು. ಸಾವುಕಾರರು ಕೊಳವೆಗೆ ವಿಭೂತಿ ಬಳಿದರು, ಕುಂಕುಮ ಇಟ್ಟರು, ಮುಷ್ಟಿ ತುಂಬ ಅಕ್ಷತೆ ಎತ್ತಿ ಸುರಿದರು. ಅವರ ಮನೆಯಲ್ಲಿ ಅಕ್ಷತೆಗೆ ಅರಿಶಿನದ ಜೊತೆ ತುಪ್ಪ ಕಲಸುವ ಪದ್ಧತಿ. ಕಾಳು ಬಿದ್ದಲ್ಲಿ ಅಂಟುತ್ತದೆ.

ನಾನು ಗಂಡನ ಹಿಂದೆ ಹೋಗಿ ಮೆಲ್ಲಗೆ ಹೇಳಿದೆ, “ಒಂದು ಸಲ ಸೀಮೆಎಣ್ಣಿ ಹಾಕಿ ಜಾಡಿಸ್ರಿ.”

“ಪೂಜಿ ಮಾಡಿದ್ದನ್ನ ತೊಳಿತಾರೇನಲೇ? ಧಣಿ ಮುಂದ ನಿಂತಾರ,” ಎಂದು ನನ್ನ ಮೇಲೇ ಸಿಡುಕಿ, ಬಾಯಿಗೊಂದು ಸಲ ಉಫ್ ಎಂದು ಊದಿ ಕೂರಿಸಿಬಿಟ್ಟರು.

ಹೊರಟೆವು. ತಟ್ಟೆ, ಸೀರೆ, ಹಣ್ಣು ಹಿಡಿದುಕೊಳ್ಳಲು ಒಬ್ಬಳು ಬೇಕೆಂದು ನನ್ನನ್ನೂ ಕರೆದುಕೊಂಡರು. ಕಾರು ಏನು ಎಳೆಯಿತು ಅನ್ನುತ್ತೀರಿ! ಎಲ್ಲಿಯೂ ಇಳಿಯಲಿಲ್ಲ, ತಳ್ಳಲಿಲ್ಲ. ಕುರುಗೋಡಿನಲ್ಲಿ ಸಾವುಕಾರ್ತಿಯ ಅಣ್ಣ ಹತ್ತಿದರು. ಸಾವುಕಾರರು ಮೀಸೆ ತೀಡುತ್ತಾ ಹೇಳಿದರು, “ಹೆಂಗೈತಿ ನೋಡು ಕುದುರಿ! ಎಲ್ಲಾ ನಾ ಮುಂದ ನಿಂತು ಮಾಡ್ಸೀನಿ.”

ನಾನು ಹಣ್ಣಿನ ಬುಟ್ಟಿ ಹಿಡಿದು ಕೂತಿದ್ದೆ. ಬೆರಳಿಗೆ ಸುತ್ತಿದ ಬಟ್ಟೆ ಅವರ ಕಣ್ಣಿಗೆ ಕಾಣಲಿಲ್ಲ.

ಕುರುಗೋಡು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಕಾದಿತ್ತು. ಕೊಳವೆಯೂ ಕಾದು ಒಳಗಿನ ತುಪ್ಪ ಕರಗಿರಬೇಕು. ಕಾರು ಒಮ್ಮೆ ಮುಗ್ಗರಿಸಿತು. ಆಮೇಲೆ ಪಟ್, ಪಟ್ ಎಂದು ಮುಂದಿನಿಂದ ಸಿಡಿಯತೊಡಗಿತು. ಬಾನೆಟ್ಟಿನ ಸಂದಿಯಿಂದ ಹೊಗೆ, ಹೊಗೆಯ ಹಿಂದೆಯೇ ಬೆಂಕಿ.

ಎಲ್ಲರೂ ಒಟ್ಟಿಗೆ ಕೂಗಿದರು. ನನ್ನ ಗಂಡ ಹಾರಿ ಬಾನೆಟ್ ಎತ್ತಿದರು. ಸುತ್ತ ನೀರಿಲ್ಲ. ಕಪ್ಪು ಹೊಲ ಒಣಗಿ ಕಲ್ಲಾಗಿತ್ತು, ಕೈಯಿಂದ ಗೀಚಿದರೆ ಮಣ್ಣು ಬರುವಂತಿರಲಿಲ್ಲ. ಸಾವುಕಾರ್ತಿಯ ಕೆಳಗೆ ದಪ್ಪ ಕೌದಿ ಹಾಸಿತ್ತು. ನಾನು ಅದನ್ನು ಹಿಡಿದು ಜಗ್ಗಿದೆ.

“ಏನ್ ಮಾಡ್ತೀಯೇ? ನಮ್ಮವ್ವ ಹೊಲಿದ ಕೌದಿ ಐತಿ ಅದು!”

“ಕೌದಿ ಹೋದ್ರ ಹೋತು, ಮೊದ್ಲು ನೀವು ಇಳೀರಿ ಅವ್ವಾರ!”

ಕೌದಿಯನ್ನು ಮಡಿಸಿ ಬೆಂಕಿಯ ಮೇಲೆ ಒತ್ತಿ ಹಿಡಿದೆವು. ಉಸಿರು ಕಟ್ಟಿ ಬೆಂಕಿ ಸತ್ತಿತು. ಪೆಟ್ರೋಲಿನ ಟ್ಯಾಂಕಿಗೆ ಹತ್ತಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಕುರುಗೋಡಿನ ಅಣ್ಣ ಬೆವರು ಒರೆಸುತ್ತಾ ಕೇಳಿದರು, “ಇದನ್ನ ರಿಪೇರಿ ಮಾಡ್ದವ್ರು ಯಾರು?”

ಈಗ ‘ನಾ ಮುಂದ ನಿಂತು’ ಅನ್ನುವ ಮಾತು ಎಲ್ಲಿ ಹೋಯಿತೋ! ಸಾವುಕಾರರು ನನ್ನ ಕಡೆ ಬೆರಳು ತೋರಿಸಿದರು. “ಇವನ ಹೇಂತಿ ಕೈ ಹಾಕ್ಯಾಳ. ಹೆಂಗಸು ಮುಟ್ಟಿದ ಮಶೀನು ಸುಡಲಾರದ ಇನ್ನೇನಾಗತೈತಿ?”

ಸಿರುಗುಪ್ಪದ ಕಡೆ ಹೊರಟಿದ್ದ ಒಂದು ಚಕ್ಕಡಿ ನಿಲ್ಲಿಸಿ ಮೂವರೂ ಹತ್ತಿದರು. ಹತ್ತಿದ ಮೇಲೆ ಸಾವುಕಾರರು ತಿರುಗಿ ಹೇಳಿದರು, “ಹುಲುಗ, ಬಳ್ಳಾರಿ ಮುಟ್ಟಿದ ಮ್ಯಾಲೆ ಕೀಲಿ ಕೊಡು.”

ನನ್ನ ಗಂಡ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಬಿಡಲಿಲ್ಲ. “ಕುಂತ್ರ ಆಗಂಗಿಲ್ಲ. ಬಿಚ್ರಿ,” ಎಂದೆ.

ಪಾನಾ ಹಾಕಿ ನಟ್ಟು ತಿರುವಿ ಮ್ಯಾನಿಫೋಲ್ಡ್ ಕಳಚಿದರು. ನಾನು ತಿರುವಿನೊಳಗೆ ಬೆರಳು ಹಾಕಿದೆ. ನಾನು ನುಣುಪು ಮಾಡಿದ ಜಾಗದಲ್ಲಿ ಏನೋ ಸಿಕ್ಕಿತು. ತೆಗೆದು ನೋಡಿದರೆ ಹಳದಿ ಅಕ್ಕಿಕಾಳು. ಆಮೇಲೆ ಅವರು ಹ್ಯಾಂಡಲ್ ತಿರುವುತ್ತಾ ಎಂಜಿನ್ನಿನ ಬಾಯೊಳಗೆ ಬಗ್ಗಿ ನೋಡಿದರು. ಆ ಬಾಯಿಯನ್ನು ತೆರೆದು ಮುಚ್ಚುವ ಒಂದು ವಾಲ್ವು ಪೂರ್ತಿ ಮುಚ್ಚುತ್ತಿರಲಿಲ್ಲ. ತುಪ್ಪ ಕರಗಿದಾಗ ಜಾರಿ ಹೋದ ಇನ್ನೊಂದು ಕಾಳು ಅದರ ಸಂದಿಯಲ್ಲಿ ಸುಟ್ಟು ಕರಕಾಗಿ ಸಿಕ್ಕಿಕೊಂಡಿತ್ತು. ಒಳಗಿನ ಬೆಂಕಿ ಹೊರಗೆ ಸಿಡಿದದ್ದು ಆ ಸಂದಿಯಿಂದ. ತಂತಿಯಿಂದ ಎಳೆದು ತೆಗೆದರು. ಕೂರಿಸಿ ಹ್ಯಾಂಡಲ್ ಹೊಡೆದರೆ ಕಾರು ಮೊದಲಿನ ಹಾಗೆಯೇ ಗುಡುಗಿತು.

“ಇದನ್ನ ಅವ್ರಿಗೆ ತೋರಿಸ್ತೀನಿ,” ಎಂದು ಕಾಳುಗಳನ್ನು ಸೆರಗಿಗೆ ಕಟ್ಟಿಕೊಂಡೆ. ಗಂಡ ಕಾರನ್ನು ಸಿರುಗುಪ್ಪದ ಕಡೆ ಬಿಟ್ಟರು.

ಸಿರುಗುಪ್ಪದಲ್ಲಿ ಹೆಣ್ಣಿನವರ ಪಡಸಾಲೆಯಲ್ಲಿ ಜಮಖಾನೆ ಹಾಸಿ ಎಲ್ಲರೂ ಕೂತಿದ್ದರು. ಗಂಡನ ಜೊತೆ ಹೊಸ್ತಿಲ ಹತ್ತಿರ ನಿಂತು ನಾನು ಅಂಗೈ ಚಾಚಿದೆ.

“ಧಣಿ, ಇವು ಮಶೀನಿನಾಗ ಇದ್ವು. ನಿಮ್ಮ ಅಕ್ಷತಿ. ಬಟ್ಟಿ ತಗಿಬ್ಯಾಡ್ರಿ ಅಂದಿದ್ದೆ.”

ಸಾವುಕಾರರು ಕಾಳು ನೋಡಿದರು, ಬೀಗರಾಗುವವರ ಮುಖ ನೋಡಿದರು. ಆಮೇಲೆ ಎದ್ದು ಬಂದು ಕಾಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

“ನೋಡಿದ್ರೇನ್ರಿ ಬೀಗರ! ಹೆಂಗಸು ಮುಟ್ಟಿದ ದೋಷ ಬೆಂಕಿಯಾಗಿ ಬಂತು. ದೇವರ ಅಕ್ಷತಿ ಒಳಗ ಇತ್ತು, ಜೀವ ಉಳಿತು. ಇಲ್ಲಂದ್ರ ಇವತ್ತು ನಾವ್ಯಾರೂ ಇರ್ತಿದ್ದಿಲ್ಲ!”

ಎಲ್ಲರೂ “ಶಿವ ಶಿವ” ಎಂದು ಕೈಮುಗಿದರು. ಸಾವುಕಾರರು ನನ್ನ ಗಂಡನ ಕಡೆ ತಿರುಗಿ, “ಹೌದಿಲ್ಲೋ ಹುಲುಗ?” ಎಂದು ಕೇಳಿದರು.

ನಾನು ಗಂಡನ ಮುಖ ನೋಡಿದೆ. ಅವರು ನೆಲ ನೋಡಿದರು. “ಹೌದ್ರಿ ಧಣಿ,” ಎಂದರು.

ಸಾವುಕಾರರು ಪ್ರಸಾದವೆಂದು ಕಾಳುಗಳನ್ನು ಬಾಯಿಗೆ ಹಾಕಿಕೊಂಡರು. ನನಗೆ ತಡೆಯಲಾಗಲಿಲ್ಲ. “ಪೆಟ್ರೋಲಿನಾಗ ನೆಂದಾವ್ರಿ ಅವು, ನುಂಗಬ್ಯಾಡ್ರಿ,” ಎಂದುಬಿಟ್ಟೆ. ಅಡುಗೆಮನೆಯ ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇವರು ನೋಡಲು ಬಂದಿದ್ದ ಆ ಮನೆಯ ಹುಡುಗಿಯೇ ಇರಬೇಕು. ಆ ದಿನ ನನ್ನ ಕಡೆ ಇದ್ದವಳು ಅವಳೊಬ್ಬಳೇ.

ಬಳ್ಳಾರಿಗೆ ಬಂದ ಮೇಲೆ ಸಾವುಕಾರರು ಕೀಲಿ ಕೇಳಲಿಲ್ಲ. ಕೋಣೆಗೆ ಬಂದು ನಾನು ಕೇಳಿದೆ, “ಹೌದ್ರಿ ಅಂದ್ರಲ್ಲ, ಏನು ಹೌದು?”

“ಖೋಲಿ ಉಳಿತಲ್ಲ?”

“ಖೋಲಿ ಉಳಿತು. ದೋಷ ನನ್ನ ಕೈಗೆ ಬಂತು.”

ಕೋಣೆ ಹೋಗಿದ್ದರೆ ನಾನೂ ಬೀದಿಯಲ್ಲೇ ಇರುತ್ತಿದ್ದೆ, ಅದು ನನಗೂ ಗೊತ್ತು. ಗೊತ್ತಿದೆ ಎಂದು ಸಿಟ್ಟು ಇಳಿಯಬೇಕು ಎಂದೇನಿಲ್ಲವಲ್ಲ.

ಆ ಕಾರು ಎಳೆಯುವುದನ್ನು ನೋಡಿ ಊರಿನ ಬೇರೆ ಕಾರಿನವರೂ ನನ್ನ ಗಂಡನನ್ನು ಹುಡುಕಿಕೊಂಡು ಬಂದರು. ನನ್ನ ಗಂಡ ಮ್ಯಾನಿಫೋಲ್ಡನ್ನು ಗೋಣಿಚೀಲದಲ್ಲಿ ಸುತ್ತಿ ತರುತ್ತಿದ್ದರು, ನಾನು ಬಾಗಿಲು ಹಾಕಿಕೊಂಡು ಉಜ್ಜುತ್ತಿದ್ದೆ. ಹೊಟ್ಟೆಗೆ ಬೇಕಲ್ಲ, ಉಜ್ಜಿದೆ. ಮುಗಿದ ಮೇಲೆ ಬಾಯಿಗಳಿಗೆ ಬಟ್ಟೆ ಕಟ್ಟಿ ದಬ್ಬಣದಿಂದ ಹೊಲಿದೇ ಕೊಡುತ್ತಿದ್ದೆ. ಯಾರೇ ಪೂಜೆ ಮಾಡಲಿ, ಹೊಲಿಗೆಯ ಮೇಲೆಯೇ ಮಾಡಿಕೊಳ್ಳಲಿ. ಹುಲುಗಪ್ಪನ ಕೈಗುಣ ದೊಡ್ಡದು ಎಂದು ಊರು ಹೊಗಳಿತು.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಒಳ್ಳೆಯ ಮನುಷ್ಯ, ಕುಡಿಯಲಿಲ್ಲ, ಹೊಡೆಯಲಿಲ್ಲ. “ನಿನ್ನ ಕೈಯಿಂದ ಆತು ನೋಡು” ಎಂದು ಎಷ್ಟೋ ಸಲ ಹೇಳಿದ್ದಾರೆ. ಹೇಳಿದ್ದೆಲ್ಲ ಬಾಗಿಲು ಹಾಕಿದ ಮೇಲೆ. ನಾಲ್ಕು ಜನರ ಮುಂದೆ ಒಮ್ಮೆಯೂ ಹೇಳಲಿಲ್ಲ. ಕೋಣೆಯೊಳಗೆ ಆಡಿದ ಮಾತನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಈಗಲೂ ಮದುವೆಯ ಮನೆಯಲ್ಲಿ ಅಕ್ಷತೆ ಕೈಗೆ ಕೊಟ್ಟರೆ ಮೊದಲು ಬೆರಳಲ್ಲಿ ಒತ್ತಿ ತುಪ್ಪ ಹಚ್ಚಿದ್ದಾರೇನು ಎಂದು ನೋಡುತ್ತೇನೆ. ಮೊಮ್ಮಕ್ಕಳು ನಗುತ್ತಾರೆ, ನಗಲಿ. ಪಡಸಾಲೆಯಲ್ಲಿ ಯಾರೂ ಹೇಳದ ಮಾತನ್ನು ನಾಲ್ಕು ಜನ ಓದುವ ಹಾಗೆ ನಾನೇ ಬರೆದು ಇಡುತ್ತಿದ್ದೇನೆ. ಆ ಮ್ಯಾನಿಫೋಲ್ಡ್ ಉಜ್ಜಿದವಳು ನಾನು, ಹುಲುಗಪ್ಪನ ಹೆಂಡತಿ ಈರಮ್ಮ. ನನ್ನ ಕೈಯಲ್ಲಿ ದೋಷ ಇರಲಿಲ್ಲ.